ದುಂಬಿಯೂ ಗಂಟೆಯೂ

ನಮ್ಮ ಮನೆಯ ನಡುಮನೆಯಲ್ಲಿ ಎರಡು ತಿಂಗಳ ಕಾಲ ಒಂದು ದುಂಬಿ ಬೀಡುಬಿಟ್ಟಿತ್ತು. ಕಣ್ಣಿಗೆ ಕಾಣುವ ದುಂಬಿಯಲ್ಲ. ತಂದೆಯವರು ತಮ್ಮ ಆಂಪ್ಲಿಫೈಯರಿನ ಗುಂಡಿಯನ್ನು ತಿರುಗಿಸಿದೊಡನೆಯೇ ‘ಗುಂಯ್’ ಎಂದು ಏಳುತ್ತಿದ್ದ, ಹಾಡು ಮುಗಿದರೂ ಮುಗಿಯದ, ಹಾಡಿನ ಸಣ್ಣ ಸಣ್ಣ ಎಳೆಗಳನ್ನೆಲ್ಲ ಮೆಲ್ಲನೆ ತಿಂದುಹಾಕುತ್ತಿದ್ದ ದುಂಬಿ. ಅದನ್ನು ಓಡಿಸಲು ನಮ್ಮ ಮನೆಯಲ್ಲಿ ನಡೆದ ಪ್ರಯತ್ನವೇ ಈ ವಾರದ ನನ್ನ ವಿಷಯ. ಕನ್ನಡ ಎಂ.ಎ. ಮಾಡಿದವನಿಗೆ ವಿದ್ಯುತ್ತಿನ ಉಸಾಬರಿ ಏಕೆಂದು ಓದುಗರು ಕೇಳಬಹುದು. ನನ್ನ ಶ್ರೀಮತಿಯೂ ಅದನ್ನೇ ಕೇಳಿದಳು.

ತಂದೆಯವರು ನಿವೃತ್ತ ವಿಜ್ಞಾನದ ಮೇಷ್ಟರು. ಬೂದಿಗೆರೆಯ ಈ ಮನೆಗೆ ಅವರು ನನ್ನ ತಾಯಿಯನ್ನು ಮದುವೆಯಾಗಿ ಕರೆತಂದ ಹೊಸತರಲ್ಲಿ ತಾವೇ ಕುಳಿತು ಆ ಆಂಪ್ಲಿಫೈಯರನ್ನು ಕಟ್ಟಿದರು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿಂದ ಟ್ರಾನ್ಸ್‌ಫಾರ್ಮರನ್ನೂ ಬಿಡಿ ಭಾಗಗಳನ್ನೂ ಚೀಲದಲ್ಲಿ ಹೊತ್ತು ತಂದು, ಸಾಗುವಾನಿಯ ಪೆಟ್ಟಿಗೆಯನ್ನು ಊರಿನ ಬಡಗಿಯಿಂದ ಮಾಡಿಸಿ, ರಜೆಯ ದಿನಗಳಲ್ಲೆಲ್ಲ ಬೆಸುಗೆಯ ಹೊಗೆಯಲ್ಲಿ ಕುಳಿತು ಮುಗಿಸಿದರಂತೆ. ಆ ಕಾಲದಲ್ಲಿ ಹೀಗೆ ಮನೆಯಲ್ಲೇ ರೇಡಿಯೋ, ಆಂಪ್ಲಿಫೈಯರು ಕಟ್ಟುವ ಮೇಷ್ಟರುಗಳು, ಗುಮಾಸ್ತರು ನಮ್ಮ ಸೀಮೆಯಲ್ಲಿ ಅಪರೂಪವೇನೂ ಆಗಿರಲಿಲ್ಲ. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಲು ತೊಡಗಿದ ಮೇಲೆ ಹವ್ಯಾಸಿಗಳಿಗೆ ಸಾಮಾನು ಹತ್ತಿರದಲ್ಲಿಯೇ ಸಿಕ್ಕುವಂತಾಯಿತು.

ಈ ಹುಚ್ಚಿಗೆ ನಮ್ಮ ನಾಡಿನಲ್ಲಿ ದೊಡ್ಡ ಪರಂಪರೆಯೇ ಇದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ಕೇಂದ್ರದ ಹೆಸರು ‘ಆಕಾಶವಾಣಿ’. ಮನೆಯೊಂದರ ಕೋಣೆಯಲ್ಲಿ ಬಳಕೆಗೆ ಬಂದ ಆ ಹೆಸರನ್ನೇ ಭಾರತದ ರೇಡಿಯೋ ವ್ಯವಸ್ಥೆಯೆಲ್ಲ 1950ರ ದಶಕದಲ್ಲಿ ಧರಿಸಿತೆಂಬುದನ್ನು ನೆನೆದರೆ, ಮನಶ್ಶಾಸ್ತ್ರದ ಮೇಷ್ಟರು ತಂತಿ ಹಿಡಿದಾಗ ಕನ್ನಡದ ಮೇಷ್ಟರು ಬೆಸುಗೆಯ ಹೊಗೆಗೆ ಕೆಮ್ಮುತ್ತ ಪಕ್ಕದಲ್ಲಿ ನಿಂತಿರುವುದರಲ್ಲಿ ತಪ್ಪಿಲ್ಲವೆಂದು ನನಗೆ ಸಮಾಧಾನವಾಗುತ್ತದೆ.

ಇನ್ನು ಹಾಡಿನ ವಿಷಯ. ನಾನು ಕೈಗೂಸಾಗಿದ್ದಾಗ ಒಂದು ಗೌರಿಹಬ್ಬದ ದಿನ ತಂದೆಯವರು ಟೇಪ್ ರೆಕಾರ್ಡರನ್ನು ದೇವರ ಮನೆಯ ಹೊಸ್ತಿಲ ಮೇಲಿಟ್ಟು ನನ್ನ ತಾಯಿಯ ಮಂಗಳಾರತಿ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಒಟ್ಟು ನಾಲ್ಕು ನಿಮಿಷ. ಹಾಡಿನ ನಡುವೆ ಅಮ್ಮ ಎಡಗೈಯಿಂದ ಗಂಟೆ ಬಾರಿಸುತ್ತಾಳೆ. ಹಿನ್ನೆಲೆಯಲ್ಲಿ ಒಂದು ಮಗು ಅಳುತ್ತದೆ. ಅದು ನಾನೇ ಎಂದು ಎಲ್ಲರೂ ಹೇಳುವುದರಿಂದ ನಂಬಿದ್ದೇನೆ. ಅಮ್ಮ ತೀರಿಕೊಂಡು ಐದು ವರ್ಷಗಳಾದುವು. ಅವಳ ಧ್ವನಿಯೆಂಬುದು ನಮ್ಮಲ್ಲಿ ಉಳಿದಿರುವುದು ಆ ನಾಲ್ಕು ನಿಮಿಷ ಮಾತ್ರ. ಈ ಬೇಸಗೆಯಲ್ಲಿ ನನ್ನ ಅಕ್ಕನ ಮಗ, ಹೊಸಕೋಟೆಯಿಂದ ರಜೆಗೆ ಬಂದವನು, ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ. ಒಳ್ಳೆಯ ಕಾಲದಲ್ಲಿ ಇಳಿಸಿದ. ಹಿಂದಕ್ಕೆ ಸುತ್ತುವಾಗ ಟೇಪು ತುಂಡಾಯಿತು, ಅಂಟಿಸಲು ಹೋದರೆ ಕಂದುಬಣ್ಣದ ಲೇಪವೇ ಕೈಗೆ ಪುಡಿಪುಡಿಯಾಗಿ ಬಂತು.

ಅಳಿಯ ಡಿಪ್ಲೊಮಾ ಓದುತ್ತಿರುವ ಹುಡುಗ. ತಾತನಿಗೆ ಮೊಬೈಲಿನ ಗೊಡವೆ ಬೇಡವೆಂದು, ರಾಸ್ಪ್‌ಬೆರಿ ಪೈ ಪೀಕೊ ಎಂಬ ಬೆರಳಿನುದ್ದದ ಒಂದು ಹಲಗೆಯನ್ನು ತರಿಸಿ, ಅದಕ್ಕೆ ನೆನಪಿನ ಚಿಪ್ಪಿನಷ್ಟಗಲದ ಮೆಮೊರಿ ಕಾರ್ಡನ್ನು ಜೋಡಿಸಿ, ಒಂದೇ ಗುಂಡಿಯುಳ್ಳ ಪೆಟ್ಟಿಗೆಯನ್ನು ಮಾಡಿದ. ಗುಂಡಿಯೊತ್ತಿದರೆ ಹಾಡು. ಅದರ ತಂತಿಯನ್ನು ತಾತನ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಹಾಡೂ ಬಂತು, ದುಂಬಿಯೂ ಬಂತು.

“ಇಯರ್‌ಫೋನಿನಲ್ಲಿ ಕೇಳಿ ತಾತ, ಅದರಲ್ಲಿ ಗುಂಯ್ ಇಲ್ಲ” ಎಂದ ಹುಡುಗ. ತಂದೆಯವರು ಒಂದು ಕ್ಷಣ ಸಿಕ್ಕಿಸಿಕೊಂಡು ತೆಗೆದಿಟ್ಟರು. “ಇದರಲ್ಲಿ ಅವಳು ನನ್ನ ತಲೆಯೊಳಗೆ ಹಾಡುತ್ತಾಳಪ್ಪ. ಅವಳು ಹಾಡುತ್ತಿದ್ದದ್ದು ಆ ಮೂಲೆಯಲ್ಲಿ” ಎಂದರು. ಆ ಮಾತಿಗೆ ಯಾರೂ ಉತ್ತರ ಹೇಳಲಿಲ್ಲ. ದುಂಬಿಯನ್ನು ಓಡಿಸಲೇಬೇಕೆಂಬುದು ಅಂದೇ ನಿಶ್ಚಯವಾಯಿತು.

ದುಂಬಿಯ ಹುಟ್ಟನ್ನು ತಂದೆಯವರೇ ನನಗೆ ತಿಳಿಹೇಳಿದರು. ಪೆಟ್ಟಿಗೆಗೆ ವಿದ್ಯುತ್ತು ಬರುತ್ತಿದ್ದುದು ಕಂಪ್ಯೂಟರಿನಿಂದ. ಕಂಪ್ಯೂಟರಿಗೂ ಮೂರು ಕಡ್ಡಿಯ ಪ್ಲಗ್ಗು, ಆಂಪ್ಲಿಫೈಯರಿಗೂ ಮೂರು ಕಡ್ಡಿಯ ಪ್ಲಗ್ಗು. ಆ ಮೂರನೆಯ ಕಡ್ಡಿಗಳೆರಡೂ ಗೋಡೆಯೊಳಗೆ ಅರ್ಥ್ ತಂತಿಯಲ್ಲಿ ಒಂದಾಗಿವೆ. ಈಗ ಹಾಡಿನ ತಂತಿಯ ಮೇಲ್ಹೊದಿಕೆಯೂ ಅವೆರಡನ್ನು ಮತ್ತೊಂದು ಕಡೆಯಿಂದ ಜೋಡಿಸಿತು. ಹಿತ್ತಿಲ ಬಾಗಿಲುಗಳು ಒಂದೇ ಓಣಿಗೆ ತೆರೆಯುವ ಎರಡು ಮನೆಗಳಿಗೆ ಮುಂಬಾಗಿಲಿನಿಂದಲೂ ದಾರಿ ಮಾಡಿಕೊಟ್ಟರೆ ಏನಾಗುತ್ತದೆ? ಊರಿನ ದನಗಳಿಗೆಲ್ಲ ಸುತ್ತು ಹಾಕಲು ಒಂದು ಪ್ರದಕ್ಷಿಣಪಥ ಸಿಕ್ಕಿದಂತಾಗುತ್ತದೆ. ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ಮನೆಯ ವಿದ್ಯುತ್ತಿನ ಸಣ್ಣ ಸೋರಿಕೆಯು ಆ ಬಳೆಯಲ್ಲಿ ಸುತ್ತುತ್ತದೆ. ಆಂಪ್ಲಿಫೈಯರು ಪಾಪ, ಅದೂ ಹಾಡೇ ಇರಬೇಕೆಂದು ದೊಡ್ಡದು ಮಾಡಿ ಕೇಳಿಸುತ್ತದೆ.

ಒಬ್ಬ ರಿಪೇರಿಯವನು ಆಂಪ್ಲಿಫೈಯರಿನ ಅರ್ಥ್ ಕಡ್ಡಿಯನ್ನು ಮುರಿದುಬಿಡಿ ಎಂದು ಸಲಹೆ ಕೊಟ್ಟ. ತಂದೆಯವರಿಗೆ ಸಿಟ್ಟು ಬಂತು. “ಮುರಿದರೆ ದುಂಬಿ ಹೋಗುತ್ತದೆ, ನಿಜ. ಒಂದು ದಿನ ಪೆಟ್ಟಿಗೆ ಮುಟ್ಟಿ ನಾನೂ ಹೋಗುತ್ತೇನೆ” ಎಂದರು. ಓದುಗರಲ್ಲಿ ಯಾರಾದರೂ ಈ ಕುಶಲಕರ್ಮಕ್ಕೆ ಕೈ ಹಾಕುವುದಿದ್ದರೆ ದಯವಿಟ್ಟು ತಂದೆಯವರ ಮಾತನ್ನು ಜ್ಞಾಪಕದಲ್ಲಿಡಬೇಕು. ಆ ಕಡ್ಡಿ ಇರುವುದು ಪ್ರಾಣಕ್ಕಾಗಿ, ಸಂಗೀತಕ್ಕಾಗಿ ಅಲ್ಲ.

ಆಗ ಅಳಿಯ ಹೇಳಿದ: “ಮಾವ, ಹಾಡನ್ನು ಹಾಡಾಗಿ ಕಳಿಸುವುದೇ ಬೇಡ. ಅಂಕಿಗಳಾಗಿ ಕಳಿಸೋಣ. ಪೆಟ್ಟಿಗೆಗೆ ಡಿಜಿಟಲ್ ಔಟ್‌ಪುಟ್ ಹಾಕುತ್ತೇನೆ.”

ಹಾಡು ಅಂಕಿಯಾಗುವುದೆಂದರೇನು? ಧ್ವನಿಯೆಂದರೆ ಏರಿಳಿಯುವ ಒಂದು ಅಲೆ. ಆ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟರೆ ಅಂಕಿಗಳ ಸಾಲೊಂದು ಸಿಕ್ಕುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯ ಕ್ರಮವೇ ಇದು. ಒಂದೊಂದು ಅಳತೆಯನ್ನೂ ಸೊನ್ನೆ, ಒಂದು ಎಂಬ ಎರಡೇ ಗುರುತುಗಳ ಹದಿನಾರು ಸ್ಥಾನಗಳಲ್ಲಿ ಬರೆಯುತ್ತಾರೆ. ಇಲ್ಲಿಗೆ ಬಂದಾಗ ನನ್ನ ಕಿವಿ ನಿಮಿರಿತು. ಎರಡೇ ಗುರುತುಗಳಿಂದ ಎಷ್ಟು ವಿನ್ಯಾಸಗಳಾದಾವೆಂದು ಎಣಿಸುವ ವಿದ್ಯೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳಿಕೊಡುತ್ತೇನಲ್ಲ! ಲಘು, ಗುರು ಎಂಬ ಎರಡೇ ಮೂರು ಸ್ಥಾನಗಳಲ್ಲಿ ಎಂಟು ಗಣಗಳಾಗುತ್ತವೆ. ಸಂಸ್ಕೃತದಲ್ಲಿ ಪಿಂಗಲನೂ ನಮ್ಮಲ್ಲಿ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ‘ಛಂದೋಂಬುಧಿ’ಯನ್ನು ಬರೆದ ನಾಗವರ್ಮನೂ ಈ ಪ್ರಸ್ತಾರದ ದಾರಿಯಲ್ಲಿ ನಡೆದವರೇ. ಪಾದಕ್ಕೆ ಹದಿನಾರು ಅಕ್ಷರಗಳ ‘ಅಷ್ಟಿ’ ವರ್ಗದಲ್ಲಿ ಆಗಬಹುದಾದ ವೃತ್ತಗಳು 65,536. ಸಿ.ಡಿ.ಯ ಒಂದು ಅಳತೆಗಿರುವ ಮೆಟ್ಟಿಲುಗಳೂ ಸರಿಯಾಗಿ 65,536. ಇದರಿಂದ ಪ್ರಾಚೀನರು ಸಿ.ಡಿ.ಯನ್ನು ಬಲ್ಲವರಾಗಿದ್ದರೆಂದು ವಾದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಲೆಕ್ಕ ಒಂದೇ, ಅಷ್ಟೆ. ಆದರೆ ಆ ಸಂಜೆ ಮೊದಲ ಬಾರಿಗೆ ಹುಡುಗನ ಮುಂದೆ ನಾನೂ ನಾಲ್ಕು ಮಾತನಾಡಿದೆ.

ಈ ಅಂಕಿಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಲು ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ಮಾಡಿದ ಒಂದು ಪದ್ಧತಿಯಿದೆ. ಅವುಗಳ ಹೆಸರಿನ ಮೊದಲಕ್ಷರಗಳಿಂದಲೇ ಅದನ್ನು ಎಸ್‌ಪಿಡಿಫ್ ಎನ್ನುತ್ತಾರೆ. ಎಡಕಿವಿಗೊಂದು, ಬಲಕಿವಿಗೊಂದು ಅಳತೆ, ಜೊತೆಗೆ ಸರಹದ್ದಿನ ಗುರುತುಗಳು, ತಪ್ಪು ಹಿಡಿಯುವ ಗುರುತು, ಇವೆಲ್ಲ ಸೇರಿ ಒಂದು ಕಂತಿಗೆ 64 ಗುರುತುಗಳು; ಸೆಕೆಂಡಿಗೆ 28,22,400. ಇಷ್ಟೂ ಒಂದೇ ಎಳೆಯಲ್ಲಿ ಹರಿಯಬೇಕು. ಹಾಗಾದರೆ ಒಂದು ಗುರುತು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂದು ಆಚೆಯವನಿಗೆ ತಿಳಿಯುವುದು ಹೇಗೆ? ತಾಳಕ್ಕೆಂದು ಬೇರೊಂದು ತಂತಿಯಿಲ್ಲ. ಇಲ್ಲಿರುವ ಉಪಾಯ ನನಗೆ ಬಹಳ ಹಿಡಿಸಿತು. ಪ್ರತಿ ಮಾತ್ರೆಯ ಆರಂಭದಲ್ಲಿಯೂ ಒಂದು ಚಪ್ಪಾಳೆ ತಪ್ಪದೆ ಬೀಳುತ್ತದೆ. ಮಾತ್ರೆಯ ನಡುವೆ ಇನ್ನೊಂದು ಚಪ್ಪಾಳೆ ಬಿದ್ದರೆ ಅದು ಒಂದು, ಬೀಳದಿದ್ದರೆ ಸೊನ್ನೆ. ತಾಳವೂ ಸಾಹಿತ್ಯವೂ ಒಂದೇ ಕೈಯಲ್ಲಿ! ಅಳಿಯನ ಪುಟ್ಟ ಹಲಗೆಯಲ್ಲಿ ಹೀಗೆ ಕಾಲಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುವುದಕ್ಕೆಂದೇ ಕೆಲವು ಪುಟಾಣಿ ಯಂತ್ರಗಳಿವೆಯಂತೆ. ಅವಕ್ಕೆ ಬೇಕಾದ ಆದೇಶಗಳನ್ನು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು; ಹುಡುಗ ಅದನ್ನು ತಂದು ತನ್ನ ಹಲಗೆಗೆ ಹೊಂದಿಸಿದ.

ಆದರೆ ತಂದೆಯವರ ಆಂಪ್ಲಿಫೈಯರಿಗೆ ಅಂಕಿಗಳ ಭಾಷೆ ಬಾರದು. ಆದ್ದರಿಂದ ಅಂಕಿಯನ್ನು ಮರಳಿ ಅಲೆಯಾಗಿಸುವ ದುಭಾಷಿಯೊಬ್ಬ ಅದರ ಮಗ್ಗುಲಲ್ಲಿ ಕೂರಬೇಕು. ಆ ಪರಿವರ್ತಕವು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. ಅದನ್ನು ಕೊಳ್ಳಲು ಬೂದಿಗೆರೆ ಕ್ರಾಸಿನಲ್ಲಿ ಬಸ್ಸು ಹಿಡಿದು, ಹಳೆಯ ಮದರಾಸು ರಸ್ತೆಯ ವಾಹನಗಳ ಸಾಗರವನ್ನು ಈಜಿ, ನಾನೂ ಅವನೂ ಸಾದರ ಪತ್ರಪ್ಪ ರಸ್ತೆಗೆ ಹೋದೆವು. ತಂದೆಯವರು ಚೀಲ ಹಿಡಿದು ಅಲೆದ ಬೀದಿ. ಅಂಗಡಿಯವನೊಬ್ಬ ಅಳಿಯನ ಚೀಟಿಯನ್ನು ನೋಡಿ, ನನ್ನ ಮುಖವನ್ನು ನೋಡಿ, ಮಾತನ್ನೆಲ್ಲ ಅಳಿಯನ ಜೊತೆಯಲ್ಲೇ ಆಡಿದ.

ಮೊದಲ ದಿನ ಹುಡುಗ ತಾಮ್ರದ ತಂತಿಯನ್ನೇ ಎಳೆದ. ಮನೆಯಲ್ಲಿ ಟಿ.ವಿ.ಯ ಕೇಬಲ್ಲು ಮಿಕ್ಕಿತ್ತು; ಈ ಪದ್ಧತಿ ಬೇಡುವ 75 ಓಮಿನ ತಂತಿಯೂ ಅದೇ. ಎರಡು ರೆಸಿಸ್ಟರುಗಳನ್ನಿಟ್ಟು ವೋಲ್ಟೇಜನ್ನು ಅರ್ಧ ವೋಲ್ಟಿಗೆ ಇಳಿಸಿದ. ಹಾಡು ಬಂತು. ದುಂಬಿ ಹಾಗೆಯೇ ಇತ್ತು. ಅಂಕಿಗಳು ಕೆಟ್ಟಿರಲಿಲ್ಲ, ಒಂದೂ ತಪ್ಪದೆ ತಲುಪಿದ್ದುವು. ಆದರೆ ಟಿ.ವಿ. ತಂತಿಯ ಮೇಲಿನ ತಾಮ್ರದ ಜಾಲರಿಯು ಹಳೆಯ ಬಳೆಯನ್ನು ಮತ್ತೆ ಕೂಡಿಸಿತ್ತು. ಸೊನ್ನೆ ಒಂದುಗಳು ಮುಂಬಾಗಿಲಿನಿಂದ ಬರುತ್ತಿದ್ದರೆ ದನಗಳೂ ಅವುಗಳ ಜೊತೆಗೇ ಬರುತ್ತಿದ್ದುವು.

ಎರಡನೆಯ ದಿನ ಬೆಳಕಿನ ತಂತಿ. 1983ರಲ್ಲಿ ತೋಷಿಬಾ ಕಂಪನಿ ಬಳಕೆಗೆ ತಂದ ಉಪಾಯವಿದು. ಒಂದು ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ಕಿನ ಎಳೆಯೊಳಗೆ ಕೆಂಪು ದೀಪವೊಂದು ಆ ಚಪ್ಪಾಳೆಗಳನ್ನೆಲ್ಲ ಮಿಣುಕಿ ತೋರಿಸುತ್ತದೆ. ಆಚೆಯ ಕೊನೆಯಲ್ಲಿ ಒಂದು ಕಣ್ಣು ಓದಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದು, ಬಳೆ ಕಡಿಯಲೇಬೇಕು. ಎಳೆಯ ತುದಿಯನ್ನು ಅಂಗೈಗೆ ಹಿಡಿದು ತೋರಿಸಿದ. ಕುಂಕುಮದ ಬೊಟ್ಟಿನಂಥ ಬೆಳಕು, ಅಲುಗದೆ ನಿಂತಿತ್ತು. ಅದು ಲಕ್ಷಾಂತರ ಸಲ ಮಿಟುಕುತ್ತಿದೆಯೆಂದೂ ನನ್ನ ಕಣ್ಣಿಗೆ ಆ ಚುರುಕಿಲ್ಲವೆಂದೂ ತಿಳಿಸಿದ. ಸಿಕ್ಕಿಸಿದ. ಗುಂಯ್!

ಹುಡುಗ ಅಳುವುದೊಂದು ಬಾಕಿ. ರಾತ್ರಿ ಊಟ ಬಿಟ್ಟು ಪೆಟ್ಟಿಗೆಯ ಮುಂದೆ ಕುಳಿತವನನ್ನು ನಮ್ಮಾಕೆ ಗದರಿಸಿ ಎಬ್ಬಿಸಿದಳು. ಬೆಳಗ್ಗೆ ಕಾಫಿಯ ಲೋಟ ಹಿಡಿದು ಮೇಜಿನ ಹಿಂದಕ್ಕೆ ಬಗ್ಗಿದ ತಂದೆಯವರೇ ಕಳ್ಳನನ್ನು ಹಿಡಿದರು. ಹೊಸ ಪರಿವರ್ತಕಕ್ಕೆ ವಿದ್ಯುತ್ತು ಎಲ್ಲಿಂದ? ಅದೇ ಕಂಪ್ಯೂಟರಿನ ಮಗ್ಗುಲಿನ ತೂತಿನಿಂದ! ಮುಂಬಾಗಿಲನ್ನು ಭದ್ರವಾಗಿ ಮುಚ್ಚಿ ಕಿಟಕಿಯನ್ನು ತೆರೆದಿಟ್ಟಿದ್ದ ನಮ್ಮ ಹುಡುಗ. ಎರಡು ಕಡ್ಡಿಯ ಮೊಬೈಲ್ ಚಾರ್ಜರೊಂದನ್ನು ಗೋಡೆಗೆ ಸಿಕ್ಕಿಸಿ ಪರಿವರ್ತಕಕ್ಕೆ ಅದರಿಂದ ವಿದ್ಯುತ್ತು ಕೊಟ್ಟೆವು. ಆಂಪ್ಲಿಫೈಯರಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಸದ್ದಿಲ್ಲ. ದೂರದಲ್ಲಿ ವಿಮಾನವೊಂದು ಹೋದದ್ದು ಕೇಳಿಸಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಊರಿನ ಮೌನಕ್ಕೆ ಅಷ್ಟು ಸೇರಿಕೊಂಡಿದೆ.

ಇಲ್ಲಿಗೆ ಮುಗಿಯಿತೆಂದು ನಾವು ಭಾವಿಸಿದ್ದೆವು. ಗುಂಡಿಯೊತ್ತಿದೆವು. ಅಮ್ಮ ಹಾಡಿದಳು. ಎಷ್ಟು ತಿಳಿಯಾದ ಧ್ವನಿ! ಬಳೆಯ ಸದ್ದು, ಆರತಿಯ ತಟ್ಟೆ ನೆಲಕ್ಕೆ ತಾಗಿದ ಸದ್ದು ಎಲ್ಲವೂ ಕೇಳಿಸಿತು. ನಮ್ಮಾಕೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದೇ ನಿಂತಳು. ನಾನು ತಂದೆಯವರ ಮುಖ ನೋಡಿದೆ. ಅವರು ಸಂತೋಷಪಟ್ಟಂತೆ ಕಾಣಲಿಲ್ಲ.

“ಇದು ನಿನ್ನ ಅಮ್ಮನಲ್ಲ” ಎಂದರು.

ನಾನು ತಬ್ಬಿಬ್ಬಾದೆ. “ಯಾಕಪ್ಪ? ಅದೇ ಹಾಡಲ್ಲವೆ?”

“ಹಾಡು ಅದೇ. ಯಾರೋ ಚಿಕ್ಕ ಹುಡುಗಿ ಅವಸರದಲ್ಲಿ ಹಾಡುತ್ತಿದ್ದಾಳೆ. ಇವಳು ಹೀಗೆ ಅವಸರ ಮಾಡುವವಳಲ್ಲ.”

ನನಗೆ ವ್ಯತ್ಯಾಸ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅವಳ ಮಗನಾದ ನನಗೇ ತಿಳಿಯಲಿಲ್ಲ! ಧ್ವನಿ ತಿಳಿಯಾದದ್ದೇ ಸಾಕೆಂದು ಹಿಗ್ಗಿದ್ದೆ. ಅಳಿಯನೂ “ತಾತ, ಅಂಕಿಯಲ್ಲಿ ಬದಲಾವಣೆ ಆಗುವುದಕ್ಕೆ ಸಾಧ್ಯವೇ ಇಲ್ಲ. ಇಷ್ಟು ದಿನ ಗುಂಯ್ ಇತ್ತಲ್ಲ, ಅದಕ್ಕೇ ನಿಮಗೆ ಹಾಗನ್ನಿಸುತ್ತಿದೆ” ಎಂದು ವಿನಯದಿಂದಲೇ ವಾದಿಸಿದ. ತಂದೆಯವರು ಮಾತು ಬೆಳೆಸಲಿಲ್ಲ. ಎದ್ದು ದೇವರ ಮನೆಗೆ ಹೋಗಿ ಗಂಟೆಯನ್ನು ತಂದು ಮೇಜಿನ ಮೇಲಿಟ್ಟರು. “ಅವಳು ಬಾರಿಸಿದ್ದು ಇದೇ ಗಂಟೆ. ಮನುಷ್ಯರ ಗಂಟಲು ವಯಸ್ಸಿನಲ್ಲಿ ಬದಲಾಗುತ್ತದೆ, ಕೇಳುವವನ ಕಿವಿಯೂ ಮಂದವಾಗುತ್ತದೆ. ಕಂಚು ಬದಲಾಗುವುದಿಲ್ಲ. ಹಾಕು” ಎಂದರು.

ಹಾಡಿನಲ್ಲಿ ಗಂಟೆಯ ಸದ್ದು ಬಂದಾಗ ಅವರು ಕೈಯ ಗಂಟೆಯನ್ನು ಒಮ್ಮೆ ಆಡಿಸಿದರು. ಸಂಗೀತ ಬಾರದ ನನಗೂ ಗೊತ್ತಾಯಿತು. ಪೆಟ್ಟಿಗೆಯ ಗಂಟೆ ಎತ್ತರದಲ್ಲಿತ್ತು.

ಅಳಿಯನ ಮುಖ ಕೆಂಪಾಯಿತು. ಕಂಪ್ಯೂಟರಿನ ಮುಂದೆ ಕುಳಿತು ಎರಡೇ ನಿಮಿಷದಲ್ಲಿ ತಪ್ಪನ್ನು ಹುಡುಕಿದ. ಅಮ್ಮನ ಹಾಡನ್ನು ಅವನು ಅಳೆದಿಟ್ಟಿದ್ದು ಸೆಕೆಂಡಿಗೆ 44,100 ಅಳತೆಗಳಂತೆ. ಆದರೆ ಎರವಲು ತಂದ ಆದೇಶಗಳಲ್ಲಿ ಅದನ್ನು ಬರೆದವರು ತಮ್ಮ ಅಗತ್ಯಕ್ಕೆಂದು 48,000 ಎಂದು ನಮೂದಿಸಿದ್ದರು. ಈ ಕೆಲಸದಲ್ಲಿ ಅದೂ ರೂಢಿಯಲ್ಲಿರುವ ಸಂಖ್ಯೆಯೇ. ಅಂಕಿ ಒಂದೂ ಬದಲಾಗಿರಲಿಲ್ಲ, ಹುಡುಗನ ಮಾತು ನಿಜ. ಓದುವ ವೇಗ ಮಾತ್ರ ನೂರಕ್ಕೆ ಸುಮಾರು ಒಂಬತ್ತರಷ್ಟು ಹೆಚ್ಚಾಗಿತ್ತು. ನಾಲ್ಕು ನಿಮಿಷದ ಹಾಡು ಮೂರು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯುತ್ತಿತ್ತು. ಶ್ರುತಿ ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ಸುಮಾರು ಒಂದೂವರೆ ಸ್ಥಾನ ಮೇಲಕ್ಕೇರಿತ್ತು. ಹಳೆಯ ತಂತಿಯಲ್ಲಿ ಕೇಳಿದಾಗ ವೇಗ ಸರಿಯಿತ್ತು, ದುಂಬಿಯಿತ್ತು. ಈಗ ದುಂಬಿ ಹೋಗಿತ್ತು, ಅಮ್ಮನೂ ಸ್ವಲ್ಪ ದೂರ ಹೋಗಿದ್ದಳು. ತಂದೆಯವರು ಗಂಟೆ ತಾರದೆ ಹೋಗಿದ್ದರೆ ನಾವು ಆ ಚಿಕ್ಕ ಹುಡುಗಿಯನ್ನೇ ಅಮ್ಮನೆಂದು ನಮ್ಮ ಮಕ್ಕಳಿಗೂ ಕೇಳಿಸುತ್ತಿದ್ದೆವು.

ಸಂಖ್ಯೆಯನ್ನು ತಿದ್ದಿ ಮತ್ತೆ ಹಾಕಿದ. ತಂದೆಯವರು ಕಣ್ಣು ಮುಚ್ಚಿ ಕೇಳಿದರು. ಗಂಟೆಯ ಸದ್ದು ಬಂದಾಗ ಮತ್ತೆ ಕೈಯ ಗಂಟೆಯನ್ನಾಡಿಸಿದರು. ಎರಡೂ ಒಂದೇ ಎಂದೆ ನಾನು. ಅಳಿಯ ಮಾತ್ರ ತಲೆಯಾಡಿಸಿದ. ಮೊಬೈಲಿನಲ್ಲಿ ಅಳೆದು ನೋಡಿ, ಈಗ ಪೆಟ್ಟಿಗೆಯ ಗಂಟೆ ಕೂದಲೆಳೆಯಷ್ಟು ಕೆಳಗಿದೆಯೆಂದು ತೋರಿಸಿದ. ಇದು ಅವನ ತಪ್ಪಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರು ಓಡಬೇಕು; ನಮ್ಮ ಮುದಿ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಾಗಿ, ಕಂಪ್ಯೂಟರಿಗೆ ಇಳಿಸುವ ದಿನ ಸ್ವಲ್ಪ ನಿಧಾನವಾಗಿ ಓಡಿರಬೇಕು.

“ತಾತ, ಗಂಟೆಗೆ ಸರಿಯಾಗಿ ಇದನ್ನೂ ತಿದ್ದಿಬಿಡಲಾ?”

ತಂದೆಯವರು ಬಹಳ ಹೊತ್ತು ಯೋಚಿಸಿದರು. ಮೂವತ್ತೈದು ವರ್ಷ ವಿಜ್ಞಾನ ಹೇಳಿದವರು. ಗಂಟೆಯನ್ನು ಸಾಕ್ಷಿಗೆ ಕರೆದವರೂ ಅವರೇ. ತಿದ್ದಬೇಡವೆನ್ನಲು ಅವರಿಗೆ ನ್ಯಾಯವಿರಲಿಲ್ಲ. ಆದರೆ ಈ ಐದು ವರ್ಷಗಳೂ ಅವರು ಕೇಳುತ್ತ ಬಂದದ್ದು ಆ ಸಡಿಲು ಬೆಲ್ಟಿನ ಹಾಡನ್ನೇ.

“ತಿದ್ದಿ ಬೇರೆ ಇಡು. ಇದನ್ನೂ ಇಡು” ಎಂದರು. ಹುಡುಗ ಹಾಗೆಯೇ ಮಾಡಿದ. ಪೆಟ್ಟಿಗೆಗೆ ಎರಡನೆಯ ಗುಂಡಿಯೊಂದನ್ನು ಬೆಸೆದ. ತಂದೆಯವರು ಎರಡು ಚೀಟಿಗಳನ್ನು ತಮ್ಮ ಮೇಷ್ಟರ ಅಕ್ಷರದಲ್ಲಿ ಬರೆದು ಅಂಟಿಸಿದರು: ಒಂದರ ಮೇಲೆ ‘ಸರಿಯಾದದ್ದು’, ಇನ್ನೊಂದರ ಮೇಲೆ ಬರಿಯ ತಾರೀಖು.

ಸಂಜೆ ದೀಪ ಹಚ್ಚಿದ ಮೇಲೆ ಅವರು ಒಂದು ಗುಂಡಿಯನ್ನು ಒತ್ತುತ್ತಾರೆ. ವಿಮಾನದ ಸದ್ದು ಬಂದರೆ ನಿಲ್ಲಿಸಿ, ಅದು ಹೋದ ಮೇಲೆ ಮೊದಲಿಂದ ಹಾಕುತ್ತಾರೆ. ಯಾವ ಗುಂಡಿ ಎಂದು ನಾನು ಹೋಗಿ ನೋಡಿಲ್ಲ. ಅಕ್ಕ ಹೊಸಕೋಟೆಯಿಂದ ಫೋನು ಮಾಡಿ ತನಗೂ ಅಂಥದೇ ಪೆಟ್ಟಿಗೆ ಬೇಕೆಂದಿದ್ದಾಳೆ. ಬರುವ ಶನಿವಾರ ಅಳಿಯನೂ ನಾನೂ ಮತ್ತೆ ಸಾದರ ಪತ್ರಪ್ಪ ರಸ್ತೆಗೆ ಹೋಗಬೇಕಾಗಿದೆ.